ಬೆಚ್ಚಗಿನ ಕೊಳಚೆಯಲ್ಲಿ ಗೆಲ್ಲುವವರು ಯಾರು?

1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀನಾಥ್, ಶಾಸ್ತ್ರಿ, ಪಿಳ್ಳೈ ಎಂಬ ಮೂವರು ‘ಎಕ್ಸ್‌ಪೀರಿಯೆನ್ಷಿಯಾ’ ಎಂಬ ಯುರೋಪಿನ ವಿಜ್ಞಾನ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. ಕೊಳಚೆ ನೀರನ್ನು ಶುದ್ಧಗೊಳಿಸುವ ಬ್ಯಾಕ್ಟೀರಿಯಾ ತುಂಬಿದ ಕೆಸರಿಗೆ ಚೆನ್ನಾಗಿ ಗಾಳಿ ಊದಿದಾಗ ಅದು ನೀರಿನಲ್ಲಿದ್ದ ಫಾಸ್ಫೇಟನ್ನು ಬೇಗಬೇಗ ಹೀರಿಕೊಳ್ಳುವುದನ್ನು ಅವರು ಕಂಡಿದ್ದರು. ತನ್ನ ಬೆಳವಣಿಗೆಗೆ ಬೇಕಾದಷ್ಟನ್ನಲ್ಲ, ಅದಕ್ಕಿಂತ ಹೆಚ್ಚನ್ನು. ಗಾಳಿ ಬೇಕೇ ಬೇಕು, ವಿಷ ಬೆರೆಸಿದರೆ ಹೀರುವಿಕೆ ಕುಂಠಿತವಾಗುತ್ತದೆ ಎಂಬುದರಿಂದ ಇದು ಬರೀ ರಸಾಯನ ಕ್ರಿಯೆಯಲ್ಲ, ಜೀವಿಗಳ ಕೆಲಸ ಎಂದು ಗೊತ್ತಾಯಿತು. ಜೈವಿಕವಾಗಿ ರಂಜಕ ತೆಗೆಯುವ ವಿಧಾನದ ಚರಿತ್ರೆ ಬರೆಯುವವರು ಇವತ್ತಿಗೂ ಈ ಟಿಪ್ಪಣಿಯಿಂದಲೇ ಶುರುಮಾಡುವುದು ವಾಡಿಕೆ. ಆದರೆ ಆ ವಿಧಾನ ಪಳಗಿದ್ದು ಬೇರೆಡೆ. 1970ರ ದಶಕದಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಜೇಮ್ಸ್ ಬರ್ನಾರ್ಡ್ ಎಂಬ ಎಂಜಿನಿಯರ್ ಸಾರಜನಕ ತೆಗೆಯುವ ಪ್ರಯೋಗ ನಡೆಸುತ್ತಿದ್ದಾಗ ರಂಜಕವೂ ಇಳಿಯುತ್ತಿರುವುದನ್ನು ಗಮನಿಸಿ, ಕೆಸರು ಮೊದಲು ಗಾಳಿಯೂ ನೈಟ್ರೇಟೂ ಇಲ್ಲದ ತೊಟ್ಟಿಯನ್ನು ಹಾದು ಬರಬೇಕು ಎಂಬ ಗುಟ್ಟನ್ನು ಹಿಡಿದರು. ಆಮೇಲೆ ಕೆನಡಾ, ಅಮೆರಿಕ, ನೆದರ್ಲೆಂಡ್ಸ್, ಡೆನ್ಮಾರ್ಕ್‌ಗಳ ತಣ್ಣನೆಯ ನೀರಿನಲ್ಲಿ ಅದರ ಲೆಕ್ಕಾಚಾರಗಳು ಸಿದ್ಧವಾದವು. ಈಗ ಅದೇ ಲೆಕ್ಕಾಚಾರಗಳನ್ನು ಹಿಡಿದು ಬೆಚ್ಚಗಿನ ನಾಡಿನ ನಗರಗಳು ಸಂಸ್ಕರಣಾ ಘಟಕ ಕಟ್ಟಲು ಹೊರಟಾಗ ಒಂದು ಪ್ರಶ್ನೆ ಎದುರಾಗುತ್ತದೆ: ಶಾಖ ಈ ಕೆಲಸಕ್ಕೆ ನೆರವೋ ತೊಡಕೋ?

ಮೇಲುನೋಟಕ್ಕೆ ಉತ್ತರ ಸುಲಭ. ಬ್ಯಾಕ್ಟೀರಿಯಾ ಬೆಚ್ಚಗಿದ್ದಷ್ಟೂ ಚುರುಕು. ಇಡ್ಲಿ ಹಿಟ್ಟು ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಬೇಗ ಹುಳಿ ಬರುವುದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಚರಂಡಿ ನೀರಿನ ಸಾವಯವ ಕೊಳೆಯನ್ನು ಕರಗಿಸುವ ವಿಷಯದಲ್ಲಿ, ಅಮೋನಿಯಾವನ್ನು ನೈಟ್ರೇಟ್ ಮಾಡುವ ವಿಷಯದಲ್ಲಿ ಈ ಉತ್ತರ ನಿಜವೂ ಹೌದು. ರಂಜಕದ ವಿಷಯದಲ್ಲಿ ಮಾತ್ರ ಅದು ತಪ್ಪುದಾರಿಗೆ ಎಳೆಯುತ್ತದೆ. ಉಷ್ಣತೆ ಇಲ್ಲಿ ಕೆಲಸದ ವೇಗವನ್ನು ಬದಲಿಸುವುದಕ್ಕಿಂತ ಮುಖ್ಯವಾಗಿ ಕೆಲಸಗಾರರನ್ನೇ ಬದಲಿಸಿಬಿಡುತ್ತದೆ. ವಿನ್ಯಾಸ ಮಾಡುವವರು ‘ಎಷ್ಟು ಬೇಗ’ ಎಂದು ಕೇಳುವ ಮುಂಚೆ ‘ಯಾರು’ ಎಂದು ಕೇಳದಿದ್ದರೆ, ಸೂತ್ರಗಳೆಲ್ಲ ಸರಿಯಿದ್ದೂ ಘಟಕದಿಂದ ಹೊರಬರುವ ನೀರಿನಲ್ಲಿ ರಂಜಕ ಹಾಗೇ ಉಳಿಯುತ್ತದೆ. ಈ ಲೇಖನದ ವಾದ ಇಷ್ಟೇ. ಆದರೆ ಅದನ್ನು ಒಪ್ಪುವ ಮೊದಲು ಪುರಾವೆಗಳನ್ನೂ ಅದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ನೋಡಬೇಕು.

ರಂಜಕವನ್ನು ಯಾಕೆ ತೆಗೆಯಬೇಕು ಎಂಬುದನ್ನು ಬೇಗ ಹೇಳಿಬಿಡಬಹುದು. ಸಿಹಿನೀರಿನ ಕೆರೆಗಳಲ್ಲಿ ಪಾಚಿಯ, ಜಲಕಳೆಗಳ ಬೆಳವಣಿಗೆಗೆ ಕಡಿವಾಣವಾಗಿರುವುದು ಬಹುತೇಕ ಸಲ ರಂಜಕದ ಕೊರತೆ. ಮಲಮೂತ್ರ, ಊಟದ ಉಳಿಕೆ, ಡಿಟರ್ಜೆಂಟ್‌ಗಳ ಮೂಲಕ ಅದು ಕೊಳಚೆಯಲ್ಲಿ ಲೀಟರಿಗೆ ಹಲವು ಮಿಲಿಗ್ರಾಂನಷ್ಟು ಬಂದು ಸೇರುತ್ತದೆ. ಕೆರೆ ಹಸಿರಾಗಿ ಕೆಡಲು ಅದರ ನೂರನೇ ಒಂದು ಪಾಲು ಸಾಕು. 2015ರಲ್ಲೂ 2017ರಲ್ಲೂ ಬೆಂಕಿಯಿಂದ ಸುದ್ದಿಯಾದ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಜನ ರಂಜಕವನ್ನೇ ದೂರುವುದುಂಟು. ಆದರೆ ನೊರೆ ಬರುವುದು ಮುಖ್ಯವಾಗಿ ಸಾಬೂನಿನಂಥ ಪದಾರ್ಥಗಳಿಂದ. ರಂಜಕ ಸಾಕುವುದು ಕೆರೆಯನ್ನು ಮುಚ್ಚಿಬಿಡುವ ಕಳೆಯನ್ನು, ಕೊಳೆತು ಆಮ್ಲಜನಕ ಕಬಳಿಸುವ ಪಾಚಿಯನ್ನು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಒಪ್ಪಿದ ಮಾನದಂಡದಲ್ಲಿ ಕೆರೆಕುಂಟೆಗಳಿಗೆ ಬಿಡುವ ಸಂಸ್ಕರಿಸಿದ ನೀರಿನಲ್ಲಿ ರಂಜಕ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು ಎಂದಿದೆ. ಸಾಮಾನ್ಯ ಸಂಸ್ಕರಣಾ ಘಟಕ ಆ ಮಟ್ಟ ಮುಟ್ಟುವುದಿಲ್ಲ. ಯಾಕೆಂದರೆ ಸಾಧಾರಣ ಬ್ಯಾಕ್ಟೀರಿಯಾದ ಒಣತೂಕದಲ್ಲಿ ರಂಜಕ ಇರುವುದು ಶೇ. 1.5ರಿಂದ 2ರಷ್ಟು. ಅವು ಬೆಳೆದು, ಹೆಚ್ಚುವರಿ ಕೆಸರಾಗಿ ಹೊರಹೋಗುವಾಗ ಒಯ್ಯುವುದು ಅಷ್ಟನ್ನೇ.

ಇದಕ್ಕಿಂತ ಮೂರು ನಾಲ್ಕು ಪಟ್ಟು ರಂಜಕವನ್ನು ಒಡಲಲ್ಲಿ ತುಂಬಿಕೊಳ್ಳುವ ಬ್ಯಾಕ್ಟೀರಿಯಾಗಳಿವೆ. ಎಂಜಿನಿಯರುಗಳು ಅವನ್ನು ಪಿಎಒ ಎಂದು ಕರೆಯುತ್ತಾರೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ‘ಅಕ್ಯುಮುಲಿಬ್ಯಾಕ್ಟರ್’. ಇದರ ಬದುಕಿನ ಕ್ರಮ ವಿಚಿತ್ರವಾದದ್ದು. ಗಾಳಿಯಿಲ್ಲದ ಮೊದಲ ತೊಟ್ಟಿಯಲ್ಲಿ ಅಸಿಟೇಟ್, ಪ್ರೊಪಿಯೊನೇಟ್‌ನಂಥ ಹುಳಿ ಪದಾರ್ಥಗಳು ಸಿಗುತ್ತವೆ. ಉಸಿರಾಡಲು ಆಮ್ಲಜನಕ ಇಲ್ಲದ್ದರಿಂದ ಉಳಿದ ಬ್ಯಾಕ್ಟೀರಿಯಾಗಳಿಗೆ ಆ ಊಟ ಕಣ್ಣೆದುರಿದ್ದೂ ದಕ್ಕುವುದಿಲ್ಲ. ಪಿಎಒ ಮಾತ್ರ ತನ್ನೊಳಗೆ ಸರಪಣಿಯಾಗಿ ಕೂಡಿಟ್ಟ ಪಾಲಿಫಾಸ್ಫೇಟನ್ನು ಮುರಿದು, ಬಂದ ಶಕ್ತಿಯಿಂದ ಊಟವನ್ನು ಒಳಗೆಳೆದುಕೊಂಡು ಕೊಬ್ಬಿನಂಥ ರೂಪದಲ್ಲಿ ಅಡಗಿಸಿಡುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಜಾಣತನ ಇದು, ಕೂರುವುದು ಆಮೇಲೆ. ಮುರಿದ ಪಾಲಿಫಾಸ್ಫೇಟ್ ನೀರಿಗೆ ಬಿಡುಗಡೆಯಾಗುವುದರಿಂದ ಈ ತೊಟ್ಟಿಯಲ್ಲಿ ರಂಜಕ ಇಳಿಯುವ ಬದಲು ಏರುತ್ತದೆ. ಬಂದ ಕೊಳಚೆಯಲ್ಲಿ 6 ಮಿಲಿಗ್ರಾಂ ಇದ್ದದ್ದು 20 ದಾಟಿದರೂ ಅಚ್ಚರಿಯಿಲ್ಲ. ಮುಂದಿನ ತೊಟ್ಟಿಯಲ್ಲಿ ಗಾಳಿ ಸಿಕ್ಕಿದ ಕೂಡಲೇ ಅಡಗಿಸಿಟ್ಟ ಕೊಬ್ಬನ್ನು ಉರಿಸಿ, ಬಿಟ್ಟ ರಂಜಕವನ್ನೂ ಅದರ ಜೊತೆಗೆ ಹೊಸ ರಂಜಕವನ್ನೂ ಹೀರಿ ಮತ್ತೆ ಸರಪಣಿ ಕಟ್ಟುತ್ತದೆ. ಹೀಗೆ ಉಬ್ಬಿದ ಕೆಸರಿನಲ್ಲಿ ಒಂದು ಪಾಲನ್ನು ಆಗಾಗ ಹೊರತೆಗೆದರೆ ರಂಜಕವೂ ಹೊರಬಂದಂತೆ.

ಈ ಚಕ್ರದ ಮೇಲೆ ಉಷ್ಣತೆಯ ಪ್ರಭಾವವೇನು ಎಂದು ನೋಡಹೊರಟವರಿಗೆ 1980ರ ದಶಕದ ಹೊತ್ತಿಗೆ ಒಂದಕ್ಕೊಂದು ಹೊಂದದ ಉತ್ತರಗಳು ಸಿಕ್ಕಿದ್ದವು. ಕೆಲವರು ಬಿಸಿ ಹೆಚ್ಚಿದಂತೆ ರಂಜಕ ಚೆನ್ನಾಗಿ ಇಳಿಯುತ್ತದೆ ಎಂದರು. ಕೆಲವರು ಚಳಿಯಲ್ಲೇ ಚೆನ್ನ ಎಂದರು. 5 ಡಿಗ್ರಿಯ ನೀರು 15 ಡಿಗ್ರಿಯದಕ್ಕಿಂತ ಸ್ವಚ್ಛವಾಗಿ ಬಂದದ್ದನ್ನು ವರದಿ ಮಾಡಿದರು. ಇನ್ನು ಕೆಲವರಿಗೆ ವ್ಯತ್ಯಾಸವೇ ಕಾಣಲಿಲ್ಲ. ಬ್ಯಾಕ್ಟೀರಿಯಾಗಳ ಸಾಮಾನ್ಯ ಲೆಕ್ಕದ ಪ್ರಕಾರ ಉಷ್ಣತೆ 10 ಡಿಗ್ರಿ ಇಳಿದರೆ ಕೆಲಸದ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯಬೇಕು. ಅರ್ಧ ವೇಗದಲ್ಲಿ ಕೆಲಸ ಮಾಡುವ ಕೆಸರು ಹೆಚ್ಚು ರಂಜಕ ತೆಗೆಯುವುದು ಹೇಗೆ? 1990ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನ ಸಂಶೋಧಕರು ಈ ಗೋಜಲನ್ನು ಬಿಡಿಸುವ ಒಂದು ಎಳೆ ಹಿಡಿದರು. 20 ಡಿಗ್ರಿಯಲ್ಲಿ ಬೆಳೆಸಿದ ಕೆಸರನ್ನು ಕೆಲವೇ ಗಂಟೆ 5, 10, 20, 30 ಡಿಗ್ರಿಗಳಲ್ಲಿಟ್ಟು ಅಳೆದರು. ಗಾಳಿಯಿರುವ ಹಂತದ ಕೆಲಸ 30 ಡಿಗ್ರಿಯವರೆಗೂ ಚುರುಕಾಗುತ್ತಲೇ ಹೋಯಿತು. ಗಾಳಿಯಿಲ್ಲದ ಹಂತದ ಕೆಲಸ 20 ಡಿಗ್ರಿಯಲ್ಲಿ ಗರಿಷ್ಠ ಮುಟ್ಟಿತು. ಎಷ್ಟು ಅಸಿಟೇಟ್ ನುಂಗಿದರೆ ಎಷ್ಟು ಫಾಸ್ಫೇಟ್ ಬಿಡಬೇಕು ಎಂಬ ಅನುಪಾತ ಮಾತ್ರ ಉಷ್ಣತೆಗೆ ಜಗ್ಗಲಿಲ್ಲ. ಅಂದರೆ ಗಂಟೆಗಳ ಲೆಕ್ಕದಲ್ಲಿ ನೋಡಿದರೆ ಉಷ್ಣತೆ ವೇಗವನ್ನಷ್ಟೇ ಬದಲಿಸುತ್ತದೆ. ಆದರೆ ಸಂಸ್ಕರಣಾ ಘಟಕ ಗಂಟೆಗಳ ಲೆಕ್ಕದಲ್ಲಿ ಬದುಕುವುದಿಲ್ಲ. ಅದರ ಕೆಸರು ವಾರಗಟ್ಟಲೆ ಅದೇ ನೀರಿನಲ್ಲಿ ಹುಟ್ಟಿ ಬೆಳೆಯುತ್ತದೆ, ಅಷ್ಟರಲ್ಲಿ ಅದರೊಳಗಿನ ಸಂಸಾರವೇ ಬೇರೆಯಾಗಿರುತ್ತದೆ.

ಟವೆಲ್ ಎಸೆಯುವ ವಿದ್ಯೆ ಪಿಎಒ ಒಂದಕ್ಕೇ ಗೊತ್ತಿರುವುದಲ್ಲ. ಗ್ಲೈಕೋಜನ್ ಕೂಡಿಡುವ ಬ್ಯಾಕ್ಟೀರಿಯಾಗಳ ಇನ್ನೊಂದು ಗುಂಪಿದೆ. ಅದನ್ನು ಜಿಎಒ ಎನ್ನುತ್ತಾರೆ, ‘ಕಾಂಪಿಟಿಬ್ಯಾಕ್ಟರ್’ ಅದರ ಮುಖ್ಯ ಸದಸ್ಯ. ಹೆಸರಿಟ್ಟವರಿಗೆ ಅದರ ಸ್ವಭಾವ ಚೆನ್ನಾಗಿ ಗೊತ್ತಿದ್ದಿರಬೇಕು. ಅದೂ ಗಾಳಿಯಿಲ್ಲದ ತೊಟ್ಟಿಯಲ್ಲೇ ಊಟ ಒಳಗೆಳೆದುಕೊಳ್ಳುತ್ತದೆ, ಗಾಳಿ ಸಿಕ್ಕಾಗ ಉರಿಸುತ್ತದೆ. ಒಂದೇ ವ್ಯತ್ಯಾಸವೆಂದರೆ ಮೊದಲ ಹಂತದ ಶಕ್ತಿಗೆ ಅದು ಪಾಲಿಫಾಸ್ಫೇಟನ್ನು ಮುರಿಯುವುದಿಲ್ಲ, ಗ್ಲೈಕೋಜನ್ ಎಂಬ ಪಿಷ್ಟದಂಥ ಸಂಗ್ರಹವನ್ನು ಮುರಿಯುತ್ತದೆ. ಹಾಗಾಗಿ ರಂಜಕದ ಗೊಡವೆಗೇ ಹೋಗುವುದಿಲ್ಲ. ಆಮ್ಲಜನಕದ ಬಳಕೆಯಲ್ಲಿ, ಸಾವಯವ ಕೊಳೆ ಇಳಿಯುವುದರಲ್ಲಿ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ರಂಜಕ ಮಾತ್ರ ಬಹುಪಾಲು ಹಾಗೇ ಹೊರಹೋಗುತ್ತದೆ. ಮೊದಲ ತೊಟ್ಟಿಗೆ ಬರುವ ಹುಳಿ ಪದಾರ್ಥ ಯಾವತ್ತೂ ಮಿತವಾದದ್ದು. ಅದನ್ನು ಇಬ್ಬರಲ್ಲಿ ಯಾರು ಮೊದಲು ಕಬಳಿಸುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಈ ಸ್ಪರ್ಧೆಯನ್ನು ಉಷ್ಣತೆ ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ಅತ್ಯಂತ ಸ್ಪಷ್ಟ ಚಿತ್ರ ಬಂದದ್ದು ಬಿಸಿನಾಡಿನಿಂದಲೇ. 2003ರಲ್ಲಿ ಥಾಯ್ಲೆಂಡಿನ ಪಾನ್ಸ್‌ವಾಡ್ ಮತ್ತು ಸಂಗಡಿಗರು ಒಂದೇ ಕೆಸರನ್ನು 20 ಡಿಗ್ರಿಯಿಂದ 35ರವರೆಗೆ ಹಂತಹಂತವಾಗಿ ಏರಿಸುತ್ತ ಹೋದರು. 20ರಲ್ಲಿ ಪಿಎಒಗಳದೇ ಮೇಲುಗೈ. 30 ಮುಟ್ಟುವ ಹೊತ್ತಿಗೆ ಜಿಎಒಗಳು ಬಹುಮತಕ್ಕೆ ಬಂದವು. 35ರಲ್ಲಿ ಎರಡೂ ಹಿಂದೆ ಸರಿದು ಸಾಧಾರಣ ಬ್ಯಾಕ್ಟೀರಿಯಾಗಳೇ ತುಂಬಿಕೊಂಡವು. ರಂಜಕ ಕೂಡಿಡುವವು ತಂಪಿನ ಕಡೆಗೆ ವಾಲುವ ಜೀವಿಗಳು ಎಂಬ ತೀರ್ಮಾನಕ್ಕೆ ಆ ತಂಡ ಬಂತು. ಅದೇ ವರ್ಷ ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಎರ್ಡಾಲ್ ಮತ್ತು ಜೊತೆಗಾರರು ಇನ್ನೊಂದು ತುದಿಯಿಂದ ಅಲ್ಲಿಗೇ ಬಂದು ಮುಟ್ಟಿದ್ದರು: 5 ಡಿಗ್ರಿಗೆ ಒಗ್ಗಿಸಿದ ಕೆಸರು 20 ಡಿಗ್ರಿಯ ಕೆಸರಿಗಿಂತ ನಿಧಾನವಾಗಿಯೇ ಕೆಲಸ ಮಾಡಿತು, ಆದರೆ ರಂಜಕವನ್ನು ಹೆಚ್ಚು ತೆಗೆಯಿತು. ವೇಗ ಕಡಿಮೆ, ಫಲ ಹೆಚ್ಚು ಎಂಬ ಹಳೆಯ ಒಗಟು ಇಲ್ಲಿ ಬಿಡುತ್ತದೆ. ನಿಧಾನವಾದರೂ ಸರಿಯಾದ ಕೆಲಸಗಾರರೇ ತೊಟ್ಟಿಯನ್ನು ತುಂಬಿದ್ದರು. ಮುಂದೆ ಡೆಲ್ಫ್ಟ್‌ನಲ್ಲಿ ಲೋಪೆಜ್ ವಾಸ್ಕೆಜ್ ನಡೆಸಿದ ಕೆಲಸದಿಂದ ಕಾರಣದ ಕಡೆಗೂ ಬೆಳಕು ಬಿತ್ತು. 20 ಡಿಗ್ರಿ ದಾಟಿದ ಮೇಲೆ ಅಸಿಟೇಟ್ ಕಬಳಿಸುವ ವೇಗದಲ್ಲಿ ಜಿಎಒ ಮುಂದಾಗುತ್ತದೆ. ತಂಪಿನಲ್ಲಿ ಅದರ ಗ್ಲೈಕೋಜನ್ ಯಂತ್ರ ತಡವರಿಸುತ್ತದೆ. ಪಿಎಒಗೆ ಪಾಲಿಫಾಸ್ಫೇಟಿನ ಬೆಂಬಲ ಇರುವುದರಿಂದ ಅಷ್ಟು ತೊಂದರೆಯಿಲ್ಲ. 10 ಡಿಗ್ರಿಯಲ್ಲಿ ಪಿಎಒ ಗೆಲುವು ಹೆಚ್ಚುಕಡಿಮೆ ಖಚಿತ, 20ರ ಆಸುಪಾಸಿನಲ್ಲಿ ಯಾರ ಕಡೆಗೂ ವಾಲಬಹುದು, 30ರಲ್ಲಿ ಜಿಎಒ ಕಡೆಗೆ ಓಲುತ್ತದೆ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಚಳಿದೇಶಗಳ ಘಟಕಗಳಲ್ಲಿ ಚಳಿಗಾಲ, ವಸಂತ ಬಂತೆಂದರೆ ರಂಜಕ ಏರುವುದನ್ನು ಅಲ್ಲಿನ ನಿರ್ವಾಹಕರು ವರ್ಷವರ್ಷವೂ ಕಾಣುತ್ತಾರಲ್ಲ, ತಂಪು ಅಷ್ಟು ಒಳ್ಳೆಯದಾಗಿದ್ದರೆ ಅವರ ಗೋಳೇಕೆ? ಅವರ ಗೋಳು ನಿಜ. ಆದರೆ ತಪ್ಪು ಪಿಎಒಯದಲ್ಲ, ಊಟದ್ದು ಮತ್ತು ಸಮಯದ್ದು. ಕೊಳವೆಗಳಲ್ಲಿ ಹರಿಯುವಾಗಲೇ ಕೊಳಚೆ ಒಂದಿಷ್ಟು ಹುಳಿತು ಅಸಿಟೇಟ್, ಪ್ರೊಪಿಯೊನೇಟ್ ಹುಟ್ಟುತ್ತವೆ. ನೀರು ತಣ್ಣಗಿದ್ದರೆ ಈ ಹುಳಿಯುವಿಕೆ ಬಹಳ ನಿಧಾನವಾಗುತ್ತದೆ, ಹಿಮ ಕರಗಿದ ನೀರು ಬೆರೆತರೆ ಇದ್ದದ್ದೂ ತೆಳುವಾಗುತ್ತದೆ. ಎರಡನೆಯದಾಗಿ, ತಂಪಿನಲ್ಲಿ ನಿಧಾನ ಬೆಳೆಯುವ ಬ್ಯಾಕ್ಟೀರಿಯಾವನ್ನು ಬೇಸಿಗೆಯ ವೇಗದಲ್ಲೇ ಕೆಸರಿನ ಜೊತೆ ಹೊರಹಾಕುತ್ತಿದ್ದರೆ ಅದು ಸಂತಾನ ಬೆಳೆಸುವ ಮೊದಲೇ ತೊಳೆದುಹೋಗುತ್ತದೆ. ಇವೆರಡನ್ನೂ ಸರಿಪಡಿಸಿದರೆ ಚಳಿ ಅಡ್ಡಿಯಲ್ಲ ಎಂಬುದಕ್ಕೆ ಕೆನಡಾದ ಕೆಲೋನಾ ಪಟ್ಟಣದ ಘಟಕವೇ ಸಾಕ್ಷಿ. ಒಕನಾಗನ್ ಸರೋವರವನ್ನು ಕಾಪಾಡಲು 1982ರಲ್ಲಿ ಶುರುವಾದ ಅಲ್ಲಿ, ಮೊದಲು ತಳಕ್ಕಿಳಿಯುವ ಕೆಸರನ್ನು ಬೇರೆಯಾಗಿ ಹುಳಿಸಿ ಆ ಹುಳಿನೀರನ್ನು ಪಿಎಒಗಳಿಗೆ ಉಣಿಸುವ ಏರ್ಪಾಟು ಮಾಡಿದರು. ಚಳಿಗಾಲ ಕೊರೆಯುವ ಊರಿನಲ್ಲೂ ವಿಧಾನ ನೆಲೆನಿಂತದ್ದು ಹೀಗೆ. ಈ ಆಕ್ಷೇಪ ವಾದವನ್ನು ಕೆಡವುವುದಿಲ್ಲ, ತಿದ್ದುತ್ತದೆ: ಉಷ್ಣತೆ ಒಂಟಿಯಾಗಿ ಏನನ್ನೂ ತೀರ್ಮಾನಿಸುವುದಿಲ್ಲ, ಊಟದ ಮೂಲಕ, ಕೆಸರು ತೊಟ್ಟಿಯಲ್ಲಿ ಉಳಿಯುವ ಸಮಯದ, ಅಂದರೆ ಕೆಸರಿನ ವಯಸ್ಸಿನ, ಮೂಲಕ ತೀರ್ಮಾನಿಸುತ್ತದೆ.

ಈ ಮಾತನ್ನು ಒಪ್ಪಿಕೊಂಡು ಬಿಸಿನೀರಿನ ಕಡೆಗೆ ತಿರುಗಿದರೆ ಅಲ್ಲೂ ಚಿತ್ರ ಏಕಬಣ್ಣದ್ದಲ್ಲ. ಬಿಸಿನಾಡಿನ ಕೊಳವೆಗಳಲ್ಲಿ ಕೊಳಚೆ ಧಾರಾಳವಾಗಿ ಹುಳಿಯುವುದರಿಂದ ಊಟ ತಾನಾಗಿಯೇ ಸಿದ್ಧವಾಗಿ ಬರುತ್ತದೆ. ಕೆಲೋನಾದವರು ದುಡ್ಡು ಸುರಿದು ಕಟ್ಟಿದ್ದು ಇಲ್ಲಿ ಪುಕ್ಕಟೆ. ಆದರೆ ಹಾಗೆ ಸಿದ್ಧವಾದ ಊಟ ಪಿಎಒಗೆ ದಕ್ಕುವ ಮೊದಲೇ ಖರ್ಚಾಗುವ ದಾರಿಗಳೂ ಇವೆ. ಬಿಸಿಯಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಬಲು ಚುರುಕು. ಆ ನೈಟ್ರೇಟ್ ತಿರುಗಿ ಬರುವ ಕೆಸರಿನ ಜೊತೆ ಮೊದಲ ತೊಟ್ಟಿಗೆ ನುಸುಳಿದರೆ ಸಾಧಾರಣ ಬ್ಯಾಕ್ಟೀರಿಯಾಗಳಿಗೆ ಉಸಿರಾಡಲು ಆಸರೆ ಸಿಕ್ಕಿ, ಪಿಎಒಗೆ ಮೀಸಲಾಗಬೇಕಿದ್ದ ಅಸಿಟೇಟ್ ಅವುಗಳ ಪಾಲಾಗುತ್ತದೆ. ಅತ್ತ ಗಾಳಿತೊಟ್ಟಿಯಲ್ಲಿ ಆಮ್ಲಜನಕ ಕರಗುವುದೇ ಕಷ್ಟ: ಸಮುದ್ರ ಮಟ್ಟದಲ್ಲಿ 10 ಡಿಗ್ರಿಯ ಶುದ್ಧನೀರು ಲೀಟರಿಗೆ 11.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯದು 7.5ರಷ್ಟನ್ನೇ ಹಿಡಿಯುತ್ತದೆ. ಬೆಂಗಳೂರಿನಂತೆ ಒಂಬೈನೂರು ಮೀಟರ್ ಎತ್ತರದ ಊರಿನಲ್ಲಿ ಇನ್ನೂ ಒಂದಿಷ್ಟು ಕಡಿಮೆ. ಕೊನೆಗೆ ಕೆಸರು ತಳಕ್ಕಿಳಿಯಲು ಬಿಟ್ಟ ತೊಟ್ಟಿಯಲ್ಲಿ ಅದು ಬಿಸಿಗೆ ಬೇಗ ಆಮ್ಲಜನಕ ಮುಗಿಸಿಕೊಂಡು, ಊಟವಿಲ್ಲದೆಯೂ ಬದುಕುಳಿಯಲು ಪಾಲಿಫಾಸ್ಫೇಟ್ ಮುರಿಯತೊಡಗಿದರೆ, ಕಷ್ಟಪಟ್ಟು ಹಿಡಿದ ರಂಜಕ ಬಾಗಿಲ ಬಳಿ ಬಂದು ಮತ್ತೆ ನೀರು ಸೇರುತ್ತದೆ. ಈ ಕೊನೆಯ ದೋಷಕ್ಕೆ ಪರಿಹಾರ ದೊಡ್ಡದೇನಲ್ಲ, ಕೆಸರನ್ನು ಅಲ್ಲಿ ಕೂಡಿಹಾಕದೆ ಬೇಗ ಎಳೆದುಕೊಂಡರಾಯಿತು. ಆದರೆ ಚಳಿದೇಶದ ಕೈಪಿಡಿ ಹಿಡಿದವರಿಗೆ ಅದು ಹೊಳೆಯುವುದು ತಡವಾಗಿ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸಿಂಗಪುರದ ಕೊಳಚೆ ವರ್ಷವಿಡೀ 28ರಿಂದ 32 ಡಿಗ್ರಿ ಇರುತ್ತದೆ. ಅಲ್ಲಿನ ಉಲು ಪಂಡನ್, ಚಾಂಗಿ ಘಟಕಗಳ ಕೆಸರಿನಲ್ಲಿ ಪಿಎಒಗಳು ಜೀವಂತವಾಗಿ ರಂಜಕ ತೆಗೆಯುತ್ತಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಅಷ್ಟೇ ಅಲ್ಲ, ಅಲ್ಲಿನ ಒಂದು ತಂಡ 35 ಡಿಗ್ರಿಯಲ್ಲೂ ಪ್ರಯೋಗಾಲಯದ ತೊಟ್ಟಿಯನ್ನು ಸ್ಥಿರವಾಗಿ ನಡೆಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿತು. ಹಾಗಾದರೆ 30 ಡಿಗ್ರಿಯ ಭಯ ಪ್ರಯೋಗಾಲಯದವರ ಭ್ರಮೆಯೇ? ಒಂದು ಮಟ್ಟಿಗೆ ಹೌದು ಎನ್ನಬೇಕು. ಹಳೆಯ ಪ್ರಯೋಗಗಳಲ್ಲಿ ಬಹಳಷ್ಟು ಒಂದೇ ಒಂದು ಊಟದ ಮೇಲೆ, ಅಂದರೆ ಅಸಿಟೇಟ್ ಮೇಲೆ ನಡೆದವು; ಅದು ಜಿಎಒಗಳಿಗೆ ಹಬ್ಬದೂಟ. ನಿಜವಾದ ಕೊಳಚೆಯಲ್ಲಿ ಪ್ರೊಪಿಯೊನೇಟ್, ಅಮೈನೋ ಆಮ್ಲಗಳು ಬೆರೆತಿರುತ್ತವೆ, ಅವನ್ನು ಬಳಸಬಲ್ಲ ಬೇರೆ ಬೇರೆ ಪಿಎಒಗಳೂ ಅಲ್ಲಿರುತ್ತವೆ. ಅಕ್ಯುಮುಲಿಬ್ಯಾಕ್ಟರ್ ಎಂಬ ಒಂದೇ ಹೆಸರಿನಡಿ ಹಲವು ತಳಿಗಳಿವೆ, ಅವುಗಳಲ್ಲಿ ಕೆಲವು ಬಿಸಿಗೆ ಒಗ್ಗಿಕೊಂಡಿವೆ. ಆದ್ದರಿಂದ ‘30 ಡಿಗ್ರಿ ದಾಟಿದರೆ ಸಾಧ್ಯವೇ ಇಲ್ಲ’ ಎನ್ನುವುದು ತಪ್ಪು. ಆದರೆ ಸಿಂಗಪುರದ ಉದಾಹರಣೆಯನ್ನು ಸರಿಯಾಗಿ ಓದಿದರೆ ಅದು ಹೇಳುವುದು ಉಷ್ಣತೆ ಲೆಕ್ಕಕ್ಕಿಲ್ಲ ಎಂದಲ್ಲ. ಆ ಘಟಕಗಳ ಕೆಸರಿನಲ್ಲಿ ಜಿಎಒಗಳೂ ಸಾಕಷ್ಟಿವೆ. ಸ್ಪರ್ಧೆ ಮುಗಿದಿಲ್ಲ, ಪಿಎಒ ಸೋಲದಂತೆ ಉಳಿದ ಪರಿಸ್ಥಿತಿಗಳು ಕೈಹಿಡಿದಿವೆ.

ಆ ಪರಿಸ್ಥಿತಿಗಳು ಯಾವುವು ಎಂಬುದೇ ನಮ್ಮಂಥ ಊರುಗಳಿಗೆ ಮುಖ್ಯ. ಮೊದಲನೆಯದು ಊಟದ ಮಿಶ್ರಣ. ಡೆಲ್ಫ್ಟ್‌ನ ಲೆಕ್ಕಾಚಾರದ ಪ್ರಕಾರ ಅಸಿಟೇಟ್ ಜೊತೆಗೆ ನಾಲ್ಕನೇ ಒಂದು ಭಾಗದಿಂದ ಅರ್ಧದವರೆಗೆ ಪ್ರೊಪಿಯೊನೇಟ್ ಇದ್ದರೆ ಯಾವುದೇ ಒಂದು ಜಿಎಒ ತಳಿಗೆ ಎರಡನ್ನೂ ಚೆನ್ನಾಗಿ ಬಳಸಲು ಆಗುವುದಿಲ್ಲ, ಪಿಎಒಗೆ ಆಗುತ್ತದೆ. ಎರಡನೆಯದು ನೀರಿನ ಕ್ಷಾರತೆ: ಪಿಎಚ್ 7.5ಕ್ಕಿಂತ ಮೇಲಿದ್ದರೆ ಕೋಶದೊಳಗೆ ಅಸಿಟೇಟ್ ಎಳೆದುಕೊಳ್ಳಲು ಹೆಚ್ಚು ಶಕ್ತಿ ಬೇಕಾಗುತ್ತದೆ, ಗ್ಲೈಕೋಜನ್ ಒಂದನ್ನೇ ನಂಬಿದ ಜಿಎಒ ಹಿಂದೆ ಬೀಳುತ್ತದೆ. ಮೂರನೆಯದು ಕೆಸರಿನ ವಯಸ್ಸು, ನನ್ನ ದೃಷ್ಟಿಯಲ್ಲಿ ಇದು ಅತ್ಯಂತ ಅಗ್ಗದ ಸಾಧನ. ವಾಂಗ್ ಮತ್ತು ಪಾರ್ಕ್ 2006ರಲ್ಲಿ ತೋರಿಸಿದ ಪ್ರಕಾರ 30 ಡಿಗ್ರಿಯಲ್ಲಿ ಕೆಸರನ್ನು 10 ದಿನ ಉಳಿಸಿಕೊಂಡರೆ ಜಿಎಒ ಗೆಲ್ಲುತ್ತದೆ, 3ರಿಂದ 5 ದಿನಕ್ಕೆ ಇಳಿಸಿದರೆ ಪಿಎಒ ಗೆಲ್ಲುತ್ತದೆ. ಇದಕ್ಕೆ ಪಂಪು, ರಸಾಯನ ಯಾವುದೂ ಹೊಸದಾಗಿ ಬೇಡ, ಕೆಸರು ಹೊರಹಾಕುವ ಪ್ರಮಾಣ ಹೆಚ್ಚಿಸಿದರೆ ಸಾಕು. ತೊಡಕೆಂದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾಗಳಿಗೆ ದೀರ್ಘ ವಯಸ್ಸು ಬೇಕು. ಅದೃಷ್ಟಕ್ಕೆ ಬಿಸಿಯಲ್ಲಿ ಅವು ಬೇಗ ಬೆಳೆಯುವುದರಿಂದ ಚಳಿದೇಶದ ಹದಿನೈದು ಇಪ್ಪತ್ತು ದಿನಗಳ ಅಗತ್ಯ ಇಲ್ಲಿಲ್ಲ. ಅಷ್ಟಾದರೂ ಆ ಹಳೆಯ ಸಂಖ್ಯೆಯನ್ನು ‘ಸುರಕ್ಷತೆಗಾಗಿ’ ಉಳಿಸಿಕೊಂಡು ವಿನ್ಯಾಸ ಮಾಡಿದರೆ, ಆ ಸುರಕ್ಷತೆಯೇ ರಂಜಕಕ್ಕೆ ಮುಳುವಾಗುತ್ತದೆ. ನಾಲ್ಕನೆಯ ಉಪಾಯ ಹೊಸದು. ಕೆಸರನ್ನು ಸಾಸಿವೆಯಷ್ಟು ಗಾತ್ರದ ಹರಳುಗಳಾಗಿ ಬೆಳೆಸುವ ವಿಧಾನದಲ್ಲಿ, ರಂಜಕ ತುಂಬಿದ ಪಿಎಒ ಹರಳುಗಳು ಭಾರವಾಗಿ ತಳದಲ್ಲಿ ಕೂರುತ್ತವೆ, ಜಿಎಒ ಹೆಚ್ಚಿರುವವು ಮೇಲುಳಿಯುತ್ತವೆ. ವಿಂಕ್ಲರ್ ಮತ್ತು ಡೆಲ್ಫ್ಟ್‌ನ ತಂಡ 2011ರಲ್ಲಿ 30 ಡಿಗ್ರಿಯ ತೊಟ್ಟಿಯಲ್ಲಿ ಮೇಲಿನ ಪದರದ ಹರಳುಗಳನ್ನೇ ಆಯ್ದು ಹೊರಹಾಕಿ ರಂಜಕ ತೆಗೆಯುವಿಕೆಯನ್ನು ಸ್ಪಷ್ಟವಾಗಿ ಸುಧಾರಿಸಿತು. ಕೆಸರನ್ನು ಎಲ್ಲಿಂದ ಎಳೆಯಬೇಕು ಎಂಬುದನ್ನು ಬದಲಿಸಿದ್ದಷ್ಟೇ ಅವರ ಚಮತ್ಕಾರ.

ಇಷ್ಟೆಲ್ಲ ತಂತ್ರ ಯಾಕೆ, ಆಲಂ ಅಥವಾ ಫೆರಿಕ್ ಕ್ಲೋರೈಡ್ ಸುರಿದರೆ ರಂಜಕ ತಕ್ಷಣ ಗಟ್ಟಿಯಾಗಿ ತಳ ಸೇರುತ್ತದಲ್ಲ, ಅದಕ್ಕೆ ಬಿಸಿ ಚಳಿಯ ಹಂಗೂ ಇಲ್ಲವಲ್ಲ ಎಂದು ಘಟಕ ನಡೆಸುವವರು ಕೇಳುತ್ತಾರೆ. ಪ್ರಾಮಾಣಿಕ ಪ್ರಶ್ನೆ. ದಿನಕ್ಕೆ ಹತ್ತು ಕೋಟಿ ಲೀಟರ್ ಕೊಳಚೆ ಬರುವ ಘಟಕವನ್ನು ತೆಗೆದುಕೊಳ್ಳೋಣ. ಲೀಟರಿಗೆ 5 ಮಿಲಿಗ್ರಾಂ ರಂಜಕ ಇಳಿಸಬೇಕೆಂದರೆ ದಿನಕ್ಕೆ 500 ಕಿಲೋ. ರಸಾಯನ ಶಾಸ್ತ್ರದ ಸಮೀಕರಣದಂತೆ ಪ್ರತಿ ಕಿಲೋ ರಂಜಕಕ್ಕೆ ಒಂಬತ್ತೂವರೆ ಕಿಲೋದಷ್ಟು ಆಲಂ ಬೇಕು, ಅಂದರೆ ದಿನಕ್ಕೆ ಸುಮಾರು 4.8 ಟನ್. ಕೊಳಚೆಯಲ್ಲಿ ಆಲಂ ಬೇರೆಯವಕ್ಕೂ ಖರ್ಚಾಗುವುದರಿಂದ ವಾಸ್ತವದಲ್ಲಿ ಇದು ಒಂದೂವರೆ, ಎರಡು ಪಟ್ಟಾಗುತ್ತದೆ. ಅಷ್ಟೂ ಲೋಹ ಕೆಸರಿನ ಗಾತ್ರ ಹೆಚ್ಚಿಸುತ್ತದೆ, ಸಲ್ಫೇಟೋ ಕ್ಲೋರೈಡೋ ನೀರಿನಲ್ಲೇ ಉಳಿಯುತ್ತದೆ, ಪಿಎಚ್ ಇಳಿಯುತ್ತದೆ. ರಸಾಯನವನ್ನು ಪೂರ್ತಿ ಬಿಡಿ ಎಂದು ಹೇಳಲಾಗದು. ಲೀಟರಿಗೆ 1 ಮಿಲಿಗ್ರಾಂ ಮಿತಿಯನ್ನು ಪ್ರತಿದಿನ ಪಾಲಿಸಲೇಬೇಕಾದ ಘಟಕದಲ್ಲಿ ಪಿಎಒಗಳು ಕೈಕೊಟ್ಟ ದಿನಕ್ಕೆ ಒಂದು ಟ್ಯಾಂಕ್ ಆಲಂ ಸಿದ್ಧವಿರಲೇಬೇಕು. ಐದರಲ್ಲಿ ನಾಲ್ಕನ್ನು ಬ್ಯಾಕ್ಟೀರಿಯಾ ತೆಗೆದು ಕೊನೆಯ ಒಂದಕ್ಕಷ್ಟೇ ಆಲಂ ಬಳಸುವುದಕ್ಕೂ ಐದಕ್ಕೂ ಆಲಂ ಸುರಿಯುವುದಕ್ಕೂ ಲಾರಿಗಳ ಲೆಕ್ಕದಲ್ಲಿ ವ್ಯತ್ಯಾಸ ಇದೆ.

ಇನ್ನೊಂದು ಮಾತು ಕೇಳಿಬರುವುದು ಊರಿನಿಂದಲ್ಲ, ಹೊಲದಿಂದ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ರಂಜಕ ಬೆಳೆಗೆ ಗೊಬ್ಬರ, ಭಾರತ ಅದನ್ನು ಬಹುಪಾಲು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಹಾಗಿರುವಾಗ ನೀರಿನಲ್ಲಿ ಪುಕ್ಕಟೆ ಬರುವುದನ್ನು ತೆಗೆಯುವುದೇಕೆ? ನೀರು ನೇರ ಹೊಲಕ್ಕೆ ಹೋಗುವುದಾದರೆ ಈ ವಾದದಲ್ಲಿ ಹುರುಳಿದೆ. ಆದರೆ ಇಲ್ಲಿ ನೀರು ಮೊದಲು ಕೆರೆಯಲ್ಲಿ ನಿಲ್ಲುತ್ತದೆ, ಅಂತರ್ಜಲಕ್ಕೆ ಇಂಗಬೇಕೆಂಬುದೇ ಉದ್ದೇಶ. ನಿಂತ ನೀರಿನಲ್ಲಿ ರಂಜಕ ಪಾಚಿಗೆ ಹೋಗುತ್ತದೆ, ಹೂಳಿನಲ್ಲಿ ಕೂರುತ್ತದೆ, ಬೆಳೆಗೆ ಸೇರುವುದು ಅಲ್ಪ. ಪಿಎಒ ಕೆಸರು ಹಿಡಿದ ರಂಜಕವಾದರೋ ಲೋಹದ ಜೊತೆ ಬಿಗಿಯಾಗಿ ಕಟ್ಟಿಕೊಂಡಿರುವುದಿಲ್ಲ. ರೋಗಾಣು, ಭಾರಲೋಹಗಳ ಪರೀಕ್ಷೆ ಮಾಡಿದ ಮೇಲೆ ಗೊಬ್ಬರವಾಗಿ ಹೊಲಕ್ಕೆ ಒಯ್ಯುವುದು ಆಲಂ ಕೆಸರಿಗಿಂತ ಹೆಚ್ಚು ಅರ್ಥಪೂರ್ಣ. ರೈತರ ವಾದ ರಂಜಕವನ್ನು ನೀರಿನಲ್ಲಿ ಬಿಡಿ ಎಂಬುದಕ್ಕಿಂತ ಜೈವಿಕವಾಗಿ ಹಿಡಿಯಿರಿ ಎಂಬುದಕ್ಕೇ ಹೆಚ್ಚು ಒತ್ತು ಕೊಡುತ್ತದೆ.

ಕರ್ನಾಟಕದ ಊರುಗಳು ಈ ಉಷ್ಣತೆಯ ಪಟ್ಟಿಯಲ್ಲಿ ಒಂದೇ ಕಡೆ ಇಲ್ಲ. ವರ್ಷದ ಸರಾಸರಿ ಗಾಳಿಯ ಉಷ್ಣತೆ 24 ಡಿಗ್ರಿಯ ಆಸುಪಾಸಿನಲ್ಲಿರುವ ಬೆಂಗಳೂರು ಸ್ಪರ್ಧೆ ಯಾವ ಕಡೆಗೂ ವಾಲಬಹುದಾದ ಜಾಗದಲ್ಲಿದೆ. ಸಣ್ಣ ಎಚ್ಚರಿಕೆಗಳೂ ಅಲ್ಲಿ ಫಲ ಕೊಡುತ್ತವೆ. ಮಂಗಳೂರು, ಕಲಬುರಗಿ, ರಾಯಚೂರು ಜಿಎಒ ಕಡೆಗೆ ವಾಲಿದ ಊರುಗಳು. ಅಲ್ಲಿ ಸಿಂಗಪುರದ ಪಾಠ ಬೇಕು, ಡೆನ್ಮಾರ್ಕಿನದ್ದಲ್ಲ. ಎರಡೂ ಕಡೆ ಒಂದೇ ಟೆಂಡರ್ ನಮೂನೆ, ಒಂದೇ ಕೆಸರಿನ ವಯಸ್ಸು, ಒಂದೇ ಗಾತ್ರದ ಗಾಳಿಯಿಲ್ಲದ ತೊಟ್ಟಿ ಬರೆದರೆ ಒಂದು ಕಡೆಯಾದರೂ ತಪ್ಪುವುದು ಖಂಡಿತ. ಗಾಳಿಯಿಲ್ಲದ ತೊಟ್ಟಿ ಬೇಸಿಗೆಯಲ್ಲಿ ಬೇಕಾದದ್ದಕ್ಕಿಂತ ದೊಡ್ಡದಾಗಿದ್ದರೆ, ಊಟ ಮುಗಿದ ಮೇಲೂ ಕೆಸರು ಅಲ್ಲೇ ಸುಮ್ಮನೆ ಕೊಳೆಯುತ್ತ ಪಾಲಿಫಾಸ್ಫೇಟ್ ಕರಗಿಸಿಕೊಳ್ಳುತ್ತದೆ. ಬಿಸಿಯಲ್ಲಿ ಅಸಿಟೇಟ್ ಬೇಗ ಮುಗಿಯುವುದರಿಂದ ತೊಟ್ಟಿ ಚಿಕ್ಕದಿದ್ದರೇ ಒಳಿತು ಎಂಬುದು ಚಳಿದೇಶದ ಬುದ್ಧಿಗೆ ವಿರುದ್ಧವಾಗಿ ಕಾಣುವ ಇನ್ನೊಂದು ಸಂಗತಿ.

ಯಾರು ಗೆಲ್ಲುತ್ತಿದ್ದಾರೆ ಎಂದು ತಿಳಿಯಲು ಡಿಎನ್‌ಎ ಪರೀಕ್ಷೆಯೇ ಬೇಕೆಂದಿಲ್ಲ. ಗಾಳಿತೊಟ್ಟಿಯ ಕೊನೆಯ ತುದಿಯಿಂದ ಒಂದಿಷ್ಟು ಕೆಸರನ್ನು ಮುಚ್ಚಿದ ಪಾತ್ರೆಯಲ್ಲಿ ತೆಗೆದುಕೊಂಡು, ಅದರಲ್ಲಿ ಉಳಿದ ನೈಟ್ರೇಟ್ ಮುಗಿಯುವವರೆಗೆ ಕಾದು, ಅಳತೆಯ ಅಸಿಟೇಟ್ ಹಾಕಿ, ಆ ಊರಿನ ಕೊಳಚೆಯ ಉಷ್ಣತೆಯಲ್ಲೇ ಇಟ್ಟು, ಅದು ನುಂಗಿದ ಅಸಿಟೇಟಿಗೆ ಎಷ್ಟು ಫಾಸ್ಫೇಟ್ ಬಿಟ್ಟಿತು ಎಂದು ಅಳೆದರೆ ಸಾಕು. ಪೂರ್ತಿ ಪಿಎಒ ಆಗಿದ್ದರೆ ಪಿಎಚ್ 7ರ ಸುತ್ತ ಅಸಿಟೇಟಿನ ಪ್ರತಿ ಎರಡು ಇಂಗಾಲದ ಪರಮಾಣುವಿಗೆ ಸುಮಾರು ಒಂದು ರಂಜಕದ ಪರಮಾಣು ಹೊರಬರುತ್ತದೆ. ಪೂರ್ತಿ ಜಿಎಒ ಆಗಿದ್ದರೆ ಅಸಿಟೇಟ್ ಮಾಯವಾಗುತ್ತದೆ, ಫಾಸ್ಫೇಟ್ ಇದ್ದಲ್ಲೇ ಇರುತ್ತದೆ. ಉಷ್ಣತೆಗೆ ಆ ಅನುಪಾತ ಜಗ್ಗುವುದಿಲ್ಲ ಎಂದು ಡೆಲ್ಫ್ಟ್‌ನವರು ತೋರಿಸಿದ್ದರಿಂದ, ಜನವರಿಯ ಅಳತೆಯನ್ನೂ ಏಪ್ರಿಲ್‌ನ ಅಳತೆಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಈಗ ಸಾಮಾನ್ಯವಾಗಿ ಅಳೆಯುವುದು ಘಟಕದಿಂದ ಹೊರಬೀಳುವ ನೀರಿನ ರಂಜಕವನ್ನು ಮಾತ್ರ. ಅದು ಏರಿದಾಗ ಕೆಸರೊಳಗಿನ ಬದಲಾವಣೆ ಆಗಲೇ ನಡೆದುಹೋಗಿರುತ್ತದೆ. ಬಿಡುಗಡೆಯ ಅನುಪಾತ ಬೇಸಿಗೆ ಏರುವಾಗಲೇ ಕುಸಿಯತೊಡಗಿದ್ದು ಕಂಡರೆ, ಕೆಸರಿನ ವಯಸ್ಸು ಇಳಿಸಲು ಇನ್ನೂ ಸಮಯವಿರುತ್ತದೆ.